ಟ್ರೌಟ್‌ಗೆ ಹೊಳೆ ಬೇಕು, ಶಾರ್ಕ್‌ಗೆ ವರ್ಷ ಬೇಕು

ರೇನ್‌ಬೋ ಟ್ರೌಟ್ ಎಂಬ ಸಿಹಿನೀರಿನ ಮೀನಿನ ಹೆಸರು ಎರಡು ಪಟ್ಟಿಗಳಲ್ಲಿದೆ. ಒಂದು, ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡಿದ 100 ಪರಕೀಯ ಜೀವಿಗಳ ಪಟ್ಟಿ. ಇದನ್ನು ಮಾಡಿದವರು ಐಯುಸಿಎನ್, ಅಂದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು. ಇನ್ನೊಂದು, ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿ. ಇದೇ ಮೀನಿನಲ್ಲಿ ಕೆಲವು ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ಹೊಳೆಗೆ ಬರುತ್ತವೆ. ಅವಕ್ಕೆ ಸ್ಟೀಲ್‌ಹೆಡ್ ಎನ್ನುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಟೀಲ್‌ಹೆಡ್ 1997ರಿಂದ ಆ ಪಟ್ಟಿಯಲ್ಲಿದೆ. ಜಾತಿ ಒಂದೇ. ಒಂದು ಕಡೆ ಹೊರಗೆ ಹಾಕಬೇಕಾದ ಪೀಡೆ, ಇನ್ನೊಂದು ಕಡೆ ಹೇಗಾದರೂ ಉಳಿಸಬೇಕಾದ ಜೀವ.

ಗ್ರೇಟ್ ವೈಟ್ ಅಥವಾ ಬಿಳಿ ಶಾರ್ಕ್‌ನ ಕಥೆಯಲ್ಲಿ ಈ ಗೊಂದಲ ಇಲ್ಲ. ಅದು ಎಲ್ಲಿಯೂ ಪೀಡೆ ಎನಿಸುವಷ್ಟು ಜಾಸ್ತಿಯಾಗಿಲ್ಲ. ಜಗತ್ತಿನ ಮಟ್ಟದಲ್ಲಿ ಐಯುಸಿಎನ್ ಅದನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿ ಎಂದು ಗುರುತಿಸಿದೆ. ಮೆಡಿಟರೇನಿಯನ್ ಸಮುದ್ರದಲ್ಲಂತೂ ಪರಿಸ್ಥಿತಿ ಇನ್ನೂ ಕೆಟ್ಟದ್ದು. ದಕ್ಷಿಣ ಆಫ್ರಿಕಾ 1991ರಲ್ಲೇ ಇದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು, ಹಾಗೆ ಮಾಡಿದ ಮೊದಲ ದೇಶ ಅದೇ. 2005ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ ಸೈಟಿಸ್ ಒಪ್ಪಂದದ ನಿಯಂತ್ರಣ ಇದೆ. ಇಷ್ಟೆಲ್ಲ ಆದ ಮೇಲೂ ಅದರ ಸಂಖ್ಯೆ ಹಲವು ಕಡೆ ಚೇತರಿಸಿಕೊಂಡಿಲ್ಲ.

ಒಂದು ತೊರೆಯ ಮೀನನ್ನೂ ಸಾಗರದ ದೊಡ್ಡ ಬೇಟೆಗಾರನನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾಕೆ? ಯಾರು ದೊಡ್ಡವರು, ಯಾರಿಗೆ ಹಲ್ಲು ಜಾಸ್ತಿ ಅಂತ ಹೇಳೋಕಲ್ಲ. ಮೀನು ಕಡಿಮೆಯಾಗುತ್ತಿದೆ ಎಂದ ಕೂಡಲೇ ಎಲ್ಲ ಕಡೆ ಅದೇ ನಾಲ್ಕು ಮದ್ದು ಹೊರಗೆ ಬರುತ್ತವೆ. ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಹಿಡಿಯಬೇಡಿ. ಸಂತಾನೋತ್ಪತ್ತಿ ಕಾಲದಲ್ಲಿ ಬಲೆ ಹಾಕಬೇಡಿ. ಮೀನುಮರಿ ಬಿತ್ತನೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಕೆಲವು ವರ್ಷ ನಿಷೇಧ ಹಾಕಿ. ಈ ಮದ್ದುಗಳೆಲ್ಲ ಬೇಗ ಬೆಳೆದು ರಾಶಿಗಟ್ಟಲೆ ಮೊಟ್ಟೆ ಇಡುವ ಮೀನುಗಳನ್ನು ನೋಡಿ ಹುಟ್ಟಿದವು. ಇವನ್ನೇ ಶಾರ್ಕ್‌ಗೂ ಹಚ್ಚುವುದೆಂದರೆ ಸೊಪ್ಪಿನ ಮಡಿಗೂ ತೆಂಗಿನ ತೋಟಕ್ಕೂ ಒಂದೇ ಕುಡುಗೋಲು ಹಿಡಿದು ಹೋದಂತೆ. ಇನ್ನೂ ವಿಚಿತ್ರವೆಂದರೆ ಟ್ರೌಟ್‌ನ ಮಟ್ಟಿಗೂ ಈ ಮದ್ದು ರೋಗಕ್ಕೆ ಸರಿಯಾಗಿ ತಾಗುತ್ತಿಲ್ಲ.

ಎರಡೂ ಮೀನೇ, ಆದರೆ ಸಂಬಂಧ ತುಂಬಾ ದೂರದ್ದು

ಮೊದಲು ಮೈಯ ವಿಚಾರ. ಟ್ರೌಟ್‌ಗೆ ಮೂಳೆ ಇದೆ. ಶಾರ್ಕ್‌ನ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿ, ನಮ್ಮ ಹೊರಕಿವಿಯಲ್ಲಿ ಇರುತ್ತದಲ್ಲ, ಆ ಜಾತಿಯದ್ದು. ಈ ಎರಡು ಕವಲುಗಳು ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚಾಯಿತು. ನಾಲ್ಕು ಕಾಲಿನ ಪ್ರಾಣಿಗಳೆಲ್ಲ ಆಮೇಲೆ ಹುಟ್ಟಿದ್ದು ಮೂಳೆಮೀನುಗಳ ಕವಲಿನಿಂದ. ಹಾಗಾಗಿ ವಂಶವೃಕ್ಷದಲ್ಲಿ ಟ್ರೌಟ್ ಶಾರ್ಕ್‌ಗಿಂತ ನಮಗೆ ಹತ್ತಿರದ ನೆಂಟ. ಕೇಳಿದರೆ ತಮಾಷೆ ಅನಿಸುತ್ತದೆ, ಆದರೆ ನಿಜ. ಒಂದಕ್ಕೆ ಹೊಂದುವ ನಿಯಮ ಇನ್ನೊಂದಕ್ಕೂ ಹೊಂದಲಿ ಎಂದು ಬಯಸುವ ಮೊದಲು ಇದನ್ನು ನೆನಪಿಟ್ಟರೆ ಒಳ್ಳೆಯದು.

ಉಪ್ಪಿನ ಲೆಕ್ಕ ನೋಡಿ. ಹೊಳೆಯ ನೀರಿನಲ್ಲಿ ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಟ್ರೌಟ್‌ನ ರಕ್ತದಲ್ಲಿ ಸಮುದ್ರದ ನೀರಿನ ಸುಮಾರು ಮೂರನೇ ಒಂದರಷ್ಟು ಉಪ್ಪು. ಹೀಗಾಗಿ ಹೊರಗಿನ ನೀರು ಸದಾ ಮೈಯೊಳಗೆ ನುಗ್ಗುತ್ತಿರುತ್ತದೆ, ಒಳಗಿನ ಉಪ್ಪು ಸೋರುತ್ತಿರುತ್ತದೆ. ಟ್ರೌಟ್ ನೀರು ಕುಡಿಯುವುದು ತೀರಾ ಕಡಿಮೆ. ಬದಲಿಗೆ ತೆಳ್ಳಗಿನ ಮೂತ್ರವನ್ನು ಧಾರಾಳವಾಗಿ ಹೊರಗೆ ಹಾಕುತ್ತದೆ. ಕಿವಿರಿನ ಕೋಶಗಳು ನೀರಿನಲ್ಲಿರುವ ಚೂರುಪಾರು ಉಪ್ಪನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುತ್ತವೆ.

ಶಾರ್ಕ್‌ನ ಉಪಾಯವೇ ಬೇರೆ. ನಾವು ಮೂತ್ರದಲ್ಲಿ ಹೊರಗೆ ಹಾಕುವ ಯೂರಿಯಾವನ್ನು ಅದು ರಕ್ತದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಅದರಿಂದ ಮೈಯೊಳಗಿನ ದ್ರವ ಸಮುದ್ರದ ನೀರಿಗಿಂತ ಒಂದು ಚೂರು ಗಟ್ಟಿಯಾಗಿಯೇ ಇರುತ್ತದೆ, ಮೈಯ ನೀರು ಹೊರಗೆ ಹೋಗುವುದಿಲ್ಲ. ಜಾಸ್ತಿಯಾದ ಉಪ್ಪನ್ನು ಹೊರಗೆ ತಳ್ಳಲು ಕರುಳಿನ ಕೊನೆಯಲ್ಲಿ ಒಂದು ಪುಟ್ಟ ಗ್ರಂಥಿ ಇದೆ. ಸರಿಯಾಗಿ ಶುಚಿ ಮಾಡದ ಶಾರ್ಕ್ ಮಾಂಸ ಅಮೋನಿಯಾದಂತೆ ನಾರುವುದೂ ಇದೇ ಯೂರಿಯಾ ಕೊಳೆಯುವುದರಿಂದ.

ಇವೆರಡರಲ್ಲಿ ನನಗೆ ಹೆಚ್ಚು ಚೋದ್ಯ ಅನಿಸುವುದು ಟ್ರೌಟ್‌ನದ್ದೇ. ಸಮುದ್ರಕ್ಕೆ ಹೊರಟ ಮರಿ ಸ್ಟೀಲ್‌ಹೆಡ್‌ನ ಕಿವಿರು ತನ್ನ ಕೆಲಸವನ್ನೇ ತಿರುಗಿಸಿಕೊಳ್ಳುತ್ತದೆ. ಇಷ್ಟು ದಿನ ಉಪ್ಪನ್ನು ಒಳಗೆ ಎಳೆಯುತ್ತಿದ್ದದ್ದು ಈಗ ಹೊರಗೆ ತಳ್ಳತೊಡಗುತ್ತದೆ. ಮೈಮೇಲಿನ ಕಲೆಗಳು ಮಾಸಿ ಬೆಳ್ಳಿ ಬಣ್ಣ ಬರುತ್ತದೆ. ಅದೇ ಹಳ್ಳದಲ್ಲಿ ಹುಟ್ಟಿದ ಅದರ ಒಡಹುಟ್ಟು ಸಮುದ್ರವನ್ನೇ ನೋಡದೆ ಅಲ್ಲೇ ಬಾಳಿ ಅಲ್ಲೇ ಸಾಯಬಹುದು. ಇಷ್ಟು ಬಾಗುವ ಗುಣ ಇರುವುದರಿಂದಲೇ ಈ ಮೀನು ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ನೆಲೆಸಿದೆ.

ಬಿಸಿ-ತಂಪಿನ ವಿಷಯದಲ್ಲಿ ಮಾತ್ರ ಟ್ರೌಟ್ ಬಾಗುವುದಿಲ್ಲ. ಅದು ತಣ್ಣೀರಿನ ಮೀನು. 10ರಿಂದ 16 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 20 ದಾಟಿದರೆ ಕಷ್ಟ, 25ರ ಆಸುಪಾಸು ಜೀವಕ್ಕೇ ಸಂಚಕಾರ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. 10 ಡಿಗ್ರಿಯಲ್ಲಿ ಒಂದು ಲೀಟರ್‌ಗೆ ಸುಮಾರು 11 ಮಿಲಿಗ್ರಾಂ ಇದ್ದದ್ದು 25 ಡಿಗ್ರಿಯಲ್ಲಿ 8ರ ಹತ್ತಿರ ಬರುತ್ತದೆ. ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಏರುತ್ತದೆ. ಬೇಕು ಜಾಸ್ತಿ, ಸಿಗುವುದು ಕಡಿಮೆ. ಬಿಳಿ ಶಾರ್ಕ್ ಇದಕ್ಕೆ ವಿರುದ್ಧ. ಈಜುವ ಸ್ನಾಯುಗಳಲ್ಲಿ ಹುಟ್ಟುವ ಬಿಸಿಯನ್ನು ಅದರ ರಕ್ತನಾಳಗಳ ಒಂದು ಹೆಣಿಗೆ ಕಿವಿರಿನ ಕಡೆ ಹೋಗಲು ಬಿಡದೆ ಮೈಯೊಳಕ್ಕೇ ಹಿಂತಿರುಗಿಸುತ್ತದೆ. ಸುತ್ತಲಿನ ನೀರಿಗಿಂತ ಅದರ ಹೊಟ್ಟೆ 14 ಡಿಗ್ರಿವರೆಗೂ ಬೆಚ್ಚಗಿರಬಲ್ಲದು. ಹೀಗಾಗಿ ತಣ್ಣನೆಯ ಆಳಕ್ಕೂ ಹೋಗಬಲ್ಲದು, ಸಾಗರಗಳನ್ನೂ ದಾಟಬಲ್ಲದು. 2003ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟ್ಯಾಗ್ ಹಾಕಿದ ಒಂದು ಹೆಣ್ಣು ಶಾರ್ಕ್ 99 ದಿನಗಳಲ್ಲಿ ಸುಮಾರು 11,000 ಕಿ.ಮೀ. ಈಜಿ ಪಶ್ಚಿಮ ಆಸ್ಟ್ರೇಲಿಯಾ ಮುಟ್ಟಿತು. ಒಂಬತ್ತು ತಿಂಗಳೊಳಗೆ ವಾಪಸು ಅದೇ ಆಫ್ರಿಕಾ ಕರಾವಳಿಯಲ್ಲಿ ಕಾಣಿಸಿತು.

ಇದು ಬರೀ ಸಾಹಸದ ಕಥೆಯಲ್ಲ. ದೇಶಗಳ ಕಾನೂನು ಆ ದಾರಿಯ ಎರಡು ತುದಿಗಳಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ನಡುವಿನ ಸಾವಿರಾರು ಕಿಲೋಮೀಟರ್ ಯಾರ ಹದ್ದಿಗೂ ಸೇರಿಲ್ಲ.

ಮೊಟ್ಟೆಯ ಲೆಕ್ಕ, ಮರಿಯ ಲೆಕ್ಕ

ಒಂದು ಕೆ.ಜಿ. ತೂಗುವ ಹೆಣ್ಣು ರೇನ್‌ಬೋ ಟ್ರೌಟ್ ಒಂದು ಸಲಕ್ಕೆ ಸುಮಾರು 2,000 ಮೊಟ್ಟೆ ಇಡುತ್ತದೆ. ಬಾಲದಿಂದ ಜಲ್ಲಿಕಲ್ಲನ್ನು ಕೆದರಿ ಗುಳಿ ಮಾಡಿ, ಮೊಟ್ಟೆ ಇಟ್ಟು, ಮೇಲೆ ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇರಬೇಕು. ಹೂಳು ತುಂಬಿದರೆ ಮೊಟ್ಟೆಗೆ ಉಸಿರುಗಟ್ಟುತ್ತದೆ. 10 ಡಿಗ್ರಿ ನೀರಿನಲ್ಲಿ ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ. ಎರಡು-ಮೂರು ವರ್ಷಕ್ಕೆ ಆ ಮರಿಯೇ ಮೊಟ್ಟೆ ಇಡಲು ಸಿದ್ಧ.

ಆ 2,000ದಲ್ಲಿ ದೊಡ್ಡದಾಗಿ ಮೊಟ್ಟೆ ಇಡುವ ವಯಸ್ಸು ಮುಟ್ಟುವುದು ಎಷ್ಟು? ಹೊಳೆಯಲ್ಲಿ ಮೀನಿನ ಸಂಖ್ಯೆ ಏರದೆ ಇಳಿಯದೆ ಇರಬೇಕಾದರೆ ಸರಾಸರಿ ಎರಡು ಉಳಿದರೆ ಸಾಕು. ಮಿಕ್ಕವನ್ನೆಲ್ಲ ಪ್ರವಾಹ, ಬರ, ಹಕ್ಕಿ, ದೊಡ್ಡ ಮೀನು ಒಯ್ಯುತ್ತವೆ. ಇಂಥ ಮೀನಿಗೆ ಒಂದು ಒಳ್ಳೆಯ ವರ್ಷ ಸಿಕ್ಕಿದರೆ, ಎರಡರ ಬದಲು ಆರು ಉಳಿದರೆ, ಹೊಳೆ ಮೂರೇ ವರ್ಷದಲ್ಲಿ ಮತ್ತೆ ತುಂಬುತ್ತದೆ. ಗಾಳ ಹಾಕುವವರು ಕೆಲವು ನೂರು ಮೀನು ಎತ್ತಿಕೊಂಡು ಹೋದರೂ ಹೊಳೆ ಚೆನ್ನಾಗಿದ್ದರೆ ದೊಡ್ಡ ನಷ್ಟವಿಲ್ಲ.

ಇನ್ನು ಬಿಳಿ ಶಾರ್ಕ್. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಸಿರು ಒಂದು ವರ್ಷಕ್ಕೂ ಮೇಲ್ಪಟ್ಟು. ಹೊಟ್ಟೆಯೊಳಗಿನ ಮರಿಗಳು ತಾಯಿಯ ಫಲವಾಗದ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಹುಟ್ಟುವಾಗಲೇ 1.2ರಿಂದ 1.5 ಮೀಟರ್ ಉದ್ದ. ಒಂದು ಸಲಕ್ಕೆ ಬೆರಳೆಣಿಕೆಯಷ್ಟು, ಅಪರೂಪಕ್ಕೆ ಹತ್ತಕ್ಕಿಂತ ಜಾಸ್ತಿ. ಪ್ರತಿ ವರ್ಷವೂ ಮರಿ ಹಾಕುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ವಯಸ್ಸು. ಅದನ್ನು ತಿಳಿದ ಬಗೆ ಸ್ವಲ್ಪ ಬಿಡಿಸಿ ಹೇಳುವಂಥದ್ದು. ಶಾರ್ಕ್‌ನ ಬೆನ್ನುಕಂಬದ ಬಿಲ್ಲೆಯನ್ನು ಕತ್ತರಿಸಿದರೆ ಮರದ ಕಾಂಡದಲ್ಲಿರುವಂತೆ ಸುತ್ತುಗಳು ಕಾಣುತ್ತವೆ. ವರ್ಷಕ್ಕೊಂದು ಸುತ್ತು ಎಂದು ಎಣಿಸುತ್ತಿದ್ದರು. ಆದರೆ ವಯಸ್ಸಾದಂತೆ ಸುತ್ತುಗಳು ತೀರಾ ತೆಳುವಾಗಿ ಒಂದರ ಮೇಲೊಂದು ಕೂತುಬಿಡುತ್ತವೆ. ಎಣಿಕೆ ತಪ್ಪುತ್ತದೆ, ಮುದಿ ಶಾರ್ಕ್ ಹರೆಯದ್ದಾಗಿ ಕಾಣುತ್ತದೆ. ಇದನ್ನು ಬಿಡಿಸಿದ್ದು ಅಣುಬಾಂಬ್ ಪರೀಕ್ಷೆಗಳ ಗುರುತು. 1950 ಮತ್ತು 60ರ ದಶಕಗಳಲ್ಲಿ ಗಾಳಿಯಲ್ಲಿ ಸಿಡಿಸಿದ ಬಾಂಬ್‌ಗಳಿಂದ ವಿಕಿರಣಶೀಲ ಇಂಗಾಲ ಒಮ್ಮೆಲೇ ಏರಿತು. ಅದು ಸಮುದ್ರಕ್ಕೂ ಇಳಿದು, ಅಲ್ಲಿ ಬದುಕಿದ್ದ ಜೀವಿಗಳ ಮೈಯಲ್ಲಿ ಕೂತಿತು. ಬಿಲ್ಲೆಯ ಯಾವ ಸುತ್ತಿನಲ್ಲಿ ಈ ಏರಿಕೆ ಸಿಗುತ್ತದೋ ಅದು ಸುಮಾರು ಯಾವ ವರ್ಷದ್ದು ಎಂದು ಗೊತ್ತಾಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಯವ್ಯ ಅಟ್ಲಾಂಟಿಕ್‌ನ ಒಂದು ಗಂಡು ಶಾರ್ಕ್‌ನ ವಯಸ್ಸು 73 ಎಂದು ತಿಳಿದುಬಂತು. ಅದಕ್ಕೂ ಮುಂಚೆ ಅಂದಾಜು ಮಾಡಿದ್ದು ಇದಕ್ಕಿಂತ ತುಂಬಾ ಕಡಿಮೆ. ಮರುವರ್ಷ ಬಂದ ಇನ್ನೊಂದು ಲೆಕ್ಕದ ಪ್ರಕಾರ ಅಲ್ಲಿ ಗಂಡು ಪ್ರಾಯಕ್ಕೆ ಬರುವುದು 26ರ ಹೊತ್ತಿಗೆ, ಹೆಣ್ಣು 33ರ ಹೊತ್ತಿಗೆ.

33 ವರ್ಷ. ಟ್ರೌಟ್‌ನಲ್ಲಿ ಅಷ್ಟರೊಳಗೆ ಹತ್ತು ತಲೆಮಾರು ಕಳೆದಿರುತ್ತದೆ.

ಈ ಒಂದು ಅಂಕಿ ಸಿಕ್ಕಿದ ಮೇಲೆ ಹಳೆಯ ನಿಯಮಗಳನ್ನು ಮತ್ತೆ ಓದಿ ನೋಡಿ. ‘ಚಿಕ್ಕದನ್ನು ಬಿಡಿ, ದೊಡ್ಡದನ್ನು ಹಿಡಿಯಿರಿ’ ಎಂಬುದು ಟ್ರೌಟ್‌ಗೆ ಸರಿ. ಒಂದು ಸಲವಾದರೂ ಮೊಟ್ಟೆ ಇಟ್ಟ ಮೇಲೆ ಹಿಡಿದರೆ ಹೊಳೆಗೆ ನಷ್ಟವಿಲ್ಲ. ಶಾರ್ಕ್‌ನಲ್ಲಿ ‘ದೊಡ್ಡದು’ ಅನ್ನೋದೇ ಕಣ್ಣಿಗೆ ಮೋಸ. ಮೂರು ಮೀಟರ್ ಉದ್ದದ ಹೆಣ್ಣು ಬಿಳಿ ಶಾರ್ಕ್ ದೋಣಿಯಲ್ಲಿ ಕೂತವರಿಗೆ ರಾಕ್ಷಸನಂತೆ ಕಂಡೀತು. ವಾಸ್ತವವಾಗಿ ಅದಿನ್ನೂ ಹುಡುಗಿ. ಹೆಣ್ಣು ಪ್ರಾಯಕ್ಕೆ ಬರುವುದು ನಾಲ್ಕೂವರೆ-ಐದು ಮೀಟರ್ ಆದ ಮೇಲೆ. ಎರಡು-ಮೂರು ದಶಕ ಬದುಕಿ, ಬಲೆಗಳಿಂದ ತಪ್ಪಿಸಿಕೊಂಡು, ಇನ್ನೇನು ಮೊದಲ ಮರಿ ಹಾಕಬೇಕು ಎನ್ನುವಾಗ ಅದು ಸತ್ತರೆ, ಅಷ್ಟು ವರ್ಷಗಳೂ ದಂಡ.

‘ಕೆಲವು ವರ್ಷ ನಿಷೇಧ’ದ ಗತಿಯೂ ಇದೇ. ಅಮೆರಿಕ ತನ್ನ ಅಟ್ಲಾಂಟಿಕ್ ಕರಾವಳಿಯಲ್ಲಿ ಬಿಳಿ ಶಾರ್ಕ್ ಹಿಡಿದು ಇಟ್ಟುಕೊಳ್ಳುವುದನ್ನು 1997ರಲ್ಲಿ ನಿಷೇಧಿಸಿತು. ಆ ವರ್ಷ ಹುಟ್ಟಿದ ಹೆಣ್ಣು ಮರಿ 33ಕ್ಕೆ ಪ್ರಾಯಕ್ಕೆ ಬರುತ್ತದೆ ಎಂದುಕೊಳ್ಳಿ. ಅಂದರೆ 2030. ನಿಷೇಧದ ನೆರಳಿನಲ್ಲೇ ಹುಟ್ಟಿ ಬೆಳೆದ ಮೊದಲ ತಲೆಮಾರು ಇನ್ನೂ ತಾಯಿಯಾಗಬೇಕಷ್ಟೇ. ಈ ನಡುವೆ ಎಷ್ಟು ಚುನಾವಣೆ ಬಂದು ಹೋದವು, ಎಷ್ಟು ಅಧಿಕಾರಿಗಳು ನಿವೃತ್ತರಾದರು! ‘ಇಷ್ಟು ವರ್ಷ ಆಯ್ತು, ಏನು ಪ್ರಯೋಜನ?’ ಎಂದು ಯಾರಾದರೂ ಕೇಳಿದರೆ ಅದು ಆತುರದ ಪ್ರಶ್ನೆ.

ಹಾಗಂತ ಅಲ್ಲಿ ಫಲವೇ ಕಂಡಿಲ್ಲ ಎಂದಲ್ಲ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಸುತ್ತ ಈಗ ಬೇಸಿಗೆಯಲ್ಲಿ ಬಿಳಿ ಶಾರ್ಕ್‌ಗಳು ಮಾಮೂಲಿ. ಅದಕ್ಕೆ ಶಾರ್ಕ್ ನಿಷೇಧ ಒಂದೇ ಕಾರಣವಲ್ಲ. 1972ರ ಕಾನೂನಿನಿಂದ ಸೀಲ್‌ಗಳಿಗೆ ರಕ್ಷಣೆ ಸಿಕ್ಕಿ ಅವು ಹೆಚ್ಚಾದವು, ಅವನ್ನು ತಿನ್ನಲು ಶಾರ್ಕ್ ಬಂತು. 2018ರಲ್ಲಿ ಅಲ್ಲಿ ಒಬ್ಬ ಯುವಕ ಶಾರ್ಕ್ ಕಚ್ಚಿ ಸತ್ತಾಗ, 1936ರ ನಂತರ ಆ ರಾಜ್ಯದಲ್ಲಿ ಅಂಥ ಸಾವು ಅದೇ ಮೊದಲಾಗಿತ್ತು. ಶಾರ್ಕ್ ಉಳಿಸಿ ಎನ್ನುವವರು ಇದನ್ನು ಮುಚ್ಚಿಡಬಾರದು. ಟ್ರೌಟ್ ಜಾಸ್ತಿಯಾದರೆ ಮನುಷ್ಯರಿಗೆ ಭಯವಿಲ್ಲ, ಶಾರ್ಕ್ ವಾಪಸು ಬಂದರೆ ಸಣ್ಣದಾದರೂ ನಿಜವಾದ ಅಪಾಯ ಇದೆ. ಜಗತ್ತಿನಾದ್ಯಂತ ಎಲ್ಲ ಜಾತಿಯ ಶಾರ್ಕ್‌ಗಳೂ ಸೇರಿ, ಕೆಣಕದೆಯೇ ಕಚ್ಚಿದ ಪ್ರಕರಣಗಳು ವರ್ಷಕ್ಕೆ ಅರವತ್ತು-ಎಪ್ಪತ್ತು, ಸಾವುಗಳು ಸರಾಸರಿ ಆರು. ನಾವು ವರ್ಷಕ್ಕೆ ಕೊಲ್ಲುವ ಶಾರ್ಕ್‌ಗಳು? 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2012ರಲ್ಲಿ 7.6 ಕೋಟಿ ಇದ್ದದ್ದು 2019ರ ಹೊತ್ತಿಗೆ 8 ಕೋಟಿ ಮುಟ್ಟಿತ್ತು. ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯುವುದನ್ನು ಹಲವು ದೇಶಗಳು ನಿಷೇಧಿಸಿದ ನಂತರದ ಲೆಕ್ಕ ಇದು. ರೆಕ್ಕೆ ಮಾತ್ರ ಕತ್ತರಿಸಬೇಡಿ ಎಂದಾಗ ಮೀನುಗಾರರು ಇಡೀ ಶಾರ್ಕನ್ನೇ ದಡಕ್ಕೆ ತಂದರು, ಮಾಂಸಕ್ಕೂ ಗಿರಾಕಿ ಹುಟ್ಟಿತು. ಸಾವು ಕಡಿಮೆಯಾಗಲಿಲ್ಲ.

ಟ್ರೌಟ್‌ನ ನಿಜವಾದ ಸಮಸ್ಯೆ ಎಲ್ಲಿದೆ

ಟ್ರೌಟ್ ಕಡಿಮೆಯಾದಾಗ ಉತ್ತರ ಯಾವಾಗಲೂ ಸಿದ್ಧ ಇರುತ್ತದೆ: ಮರಿ ಬಿತ್ತನೆ. ಕ್ಯಾಲಿಫೋರ್ನಿಯಾದ ಮೆಕ್‌ಕ್ಲೌಡ್ ನದಿಯ ದಡದಲ್ಲಿ 1870ರ ದಶಕದಲ್ಲಿ ಅಮೆರಿಕ ಸರ್ಕಾರ ಮೀನುಮರಿ ಕೇಂದ್ರ ತೆರೆಯಿತು. ಅಲ್ಲಿಂದಾಚೆ ಈ ಮೀನಿನ ಮೊಟ್ಟೆಗಳು ಹಡಗು ಹತ್ತಿ ಜಗತ್ತು ಸುತ್ತಿದವು. 1877ರಲ್ಲಿ ಜಪಾನ್, 1883ರಲ್ಲಿ ನ್ಯೂಜಿಲೆಂಡ್. ಈಗ ಇರಾನ್, ಟರ್ಕಿ, ಚಿಲಿ, ನಾರ್ವೆಗಳಲ್ಲಿ ಇದರ ದೊಡ್ಡ ದೊಡ್ಡ ಸಾಕಣೆ ಇದೆ. ಒಂದು ಕಾಡುಮೀನು ಕೋಳಿಯ ಹಾಗೆ ಸಾಕುಪ್ರಾಣಿಯೇ ಆಗಿಬಿಟ್ಟಿದೆ. ಗಾಳದಲ್ಲಿ ಹಿಡಿದ ರೇನ್‌ಬೋ ಟ್ರೌಟ್‌ನ ವಿಶ್ವದಾಖಲೆ ಸುಮಾರು 21.8 ಕೆ.ಜಿ. 2009ರಲ್ಲಿ ಕೆನಡಾದ ಡೀಫನ್‌ಬೇಕರ್ ಕೆರೆಯಲ್ಲಿ ಸಿಕ್ಕಿದ ಅದು ಸಾಕಣೆಯಿಂದ ತಪ್ಪಿಸಿಕೊಂಡ, ಸಂತಾನಶಕ್ತಿ ಇಲ್ಲದಂತೆ ಮಾಡಿದ ತಳಿಯದು. ಮೊಟ್ಟೆ ಕಟ್ಟಲು ಖರ್ಚಾಗಬೇಕಾದ ಶಕ್ತಿಯೆಲ್ಲ ಮೈಗೆ ಹತ್ತಿತ್ತು!

ಬಿತ್ತನೆಗೆ ಬೆಲೆ ತೆತ್ತಿದ್ದು ಯಾರು? ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಕೆರೆಗಳಲ್ಲಿ ಮುಂಚೆ ಮೀನೇ ಇರಲಿಲ್ಲ. ಅಲ್ಲಿ ಹಳದಿ ಕಾಲಿನ ಒಂದು ಕಪ್ಪೆ ಹಿಂಡುಗಟ್ಟಲೆ ಇತ್ತು. ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟದ ಆಳದ ಕೆರೆಯೇ ಆಗಬೇಕು. ಗಾಳ ಹಾಕುವವರ ಖುಷಿಗೆಂದು ಹೇಸರಗತ್ತೆಯ ಮೇಲೆ ಹೊರಿಸಿ, ಆಮೇಲೆ ವಿಮಾನದಿಂದಲೇ ಸುರಿದು, ಅಂಥ ಆಳದ ಕೆರೆಗಳಿಗೇ ಟ್ರೌಟ್ ಬಿಟ್ಟರು. ಗೊದಮೊಟ್ಟೆಗಳಿಗೆ ಓಡಲು ಬೇರೆ ಜಾಗ ಇರಲಿಲ್ಲ. ಮೇಲಿಂದ ಶಿಲೀಂಧ್ರ ರೋಗವೂ ಬಂತು. 2001ರಿಂದ ಸೆಕ್ವೊಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಬಲೆ ಹಾಕಿ ಕೆಲವು ಕೆರೆಗಳಿಂದ ಟ್ರೌಟನ್ನು ಪೂರ್ತಿ ತೆಗೆದರು. ಕಪ್ಪೆಗಳು ವಾಪಸು ಬಂದವು. ಮೀನು ತೆಗೆದರೆ ಕೆರೆ ಉಳಿಯುತ್ತದೆ ಅನ್ನೋ ಮಾತು ಶಾರ್ಕ್ ವಿಷಯದಲ್ಲಿ ಯಾರೂ ಹೇಳಲಾರರು.

ಟ್ರೌಟ್ ತನ್ನ ಸೋದರಸಂಬಂಧಿಗಳನ್ನೂ ಬಿಟ್ಟಿಲ್ಲ. ಅಮೆರಿಕದ ರಾಕಿ ಪರ್ವತಗಳ ಕಟ್‌ಥ್ರೋಟ್ ಟ್ರೌಟ್ ಜೊತೆ ಇದು ಕೂಡುತ್ತದೆ. ಹುಟ್ಟುವ ಮಿಶ್ರತಳಿಯೂ ಮೊಟ್ಟೆ ಇಡುತ್ತದೆ. ಹೊಳೆಯಲ್ಲಿ ಮೀನು ತುಂಬಿರುತ್ತದೆ, ಆದರೆ ಸ್ಥಳೀಯ ತಳಿ ಕರಗಿಹೋಗಿರುತ್ತದೆ. ಎಣಿಸಿ ನೋಡಿದರೆ ಏನೂ ಕಡಿಮೆಯಾದಂತೆ ಕಾಣುವುದಿಲ್ಲ.

ಸರಿ, ಪರಕೀಯವಾದ ಕಡೆ ತೊಂದರೆ. ತನ್ನದೇ ಹೊಳೆಯಲ್ಲಿ ಬಿತ್ತನೆ ಮಾಡಿದರೆ? ಅಲ್ಲೂ ಒಂದು ತೊಡಕಿದೆ. ಒರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಹಿಡಿದು ನೋಡಿದ ಅಧ್ಯಯನ 2007ರಲ್ಲಿ ಬಂತು. ತೊಟ್ಟಿಯಲ್ಲಿ ಸಾಕಿದ ಪ್ರತಿ ತಲೆಮಾರಿಗೆ, ಹೊಳೆಯಲ್ಲಿ ಸಂತಾನ ಉಳಿಸಿಕೊಳ್ಳುವ ಶಕ್ತಿ ಸುಮಾರು 40 ಶೇಕಡಾ ಕುಸಿಯುತ್ತದೆ ಎಂದು ಅದು ತೋರಿಸಿತು. ತೊಟ್ಟಿಯಲ್ಲಿ ಗೆಲ್ಲುವ ಮೀನೇ ಬೇರೆ, ಹೊಳೆಯಲ್ಲಿ ಗೆಲ್ಲುವ ಮೀನೇ ಬೇರೆ. ಬಿತ್ತನೆ ಮಾಡಿದ ಮೀನು ನಾಲ್ಕು ದಿನ ಹೊಳೆ ತುಂಬಿ ತೋರಿಸುತ್ತದೆ ಅಷ್ಟೇ. ಹೊಳೆ ಕೆಟ್ಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಪ್ರಕಾರ ಬಿತ್ತನೆಯ ದೊಡ್ಡ ಹಾನಿ ಇದೇ. ಮೀನು ಸಿಗುತ್ತಿರುವವರೆಗೆ ಅಣೆಕಟ್ಟು, ಹೂಳು, ಬಿಸಿನೀರಿನ ಬಗ್ಗೆ ಯಾರೂ ಕೇಳುವುದಿಲ್ಲ.

ಕೇಳಿದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಕ್ಲಾಮತ್ ನದಿ ಇದೆ. ಒರೆಗಾನ್-ಕ್ಯಾಲಿಫೋರ್ನಿಯಾ ಗಡಿಯಲ್ಲಿ ಹರಿಯುವ ಈ ನದಿಗೆ ಅಡ್ಡವಾಗಿ ನಾಲ್ಕು ವಿದ್ಯುತ್ ಅಣೆಕಟ್ಟುಗಳಿದ್ದವು. ನದಿಯನ್ನೇ ನಂಬಿದ್ದ ಮೂಲನಿವಾಸಿ ಸಮುದಾಯಗಳು ದಶಕಗಳ ಕಾಲ ಹೋರಾಡಿದವು. 2024ರ ಅಕ್ಟೋಬರ್ ಹೊತ್ತಿಗೆ ನಾಲ್ಕನ್ನೂ ಕೆಡವಿ ಮುಗಿಸಿದರು. ಸುಮಾರು 640 ಕಿ.ಮೀ.ಗಿಂತ ಹೆಚ್ಚು ಹೊಳೆಯ ದಾರಿ ಸ್ಟೀಲ್‌ಹೆಡ್ ಮತ್ತು ಸಾಲ್ಮನ್‌ಗಳಿಗೆ ಮತ್ತೆ ತೆರೆಯಿತು. ಕೆಲಸ ಮುಗಿದ ಅದೇ ತಿಂಗಳು ಚಿನೂಕ್ ಸಾಲ್ಮನ್ ಹಳೆಯ ಅಣೆಕಟ್ಟುಗಳನ್ನೆಲ್ಲ ದಾಟಿ ಒರೆಗಾನ್‌ನ ಒಂದು ಉಪನದಿಯಲ್ಲಿ ಕಾಣಿಸಿತು. 1912ರ ನಂತರ ಅಲ್ಲಿ ಅದೇ ಮೊದಲು. ಯಾರೂ ಹೊತ್ತು ತಂದು ಬಿಡಲಿಲ್ಲ. ದಾರಿ ಬಿಟ್ಟರು, ಮೀನು ಬಂತು.

ಆದರೆ ದಾರಿ ತೆರೆದರೂ ನೀರು ಬಿಸಿಯಾಗುತ್ತಿದ್ದರೆ? ಮೊಂಟಾನಾ ರಾಜ್ಯದಲ್ಲಿ ಬೇಸಿಗೆಯ ಹೊತ್ತು ಒಂದು ನಿಯಮ ಬರುತ್ತದೆ. ಹೊಳೆಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ನಡುರಾತ್ರಿವರೆಗೆ ಗಾಳ ಹಾಕುವಂತಿಲ್ಲ. ಹಿಡಿದು ಬಿಡುವವರಿಗೂ ಇದು ಅನ್ವಯ. ಬಿಸಿನೀರಿನಲ್ಲಿ ಒದ್ದಾಡಿ ಸುಸ್ತಾದ ಟ್ರೌಟ್ ವಾಪಸು ಬಿಟ್ಟರೂ ಬದುಕುವುದು ಕಷ್ಟ. ನೋಡಿ, ಇದು ಉದ್ದದ ಲೆಕ್ಕದ ನಿಯಮವಲ್ಲ, ಸಂಖ್ಯೆಯ ಲೆಕ್ಕವೂ ಅಲ್ಲ. ಥರ್ಮಾಮೀಟರ್ ನೋಡಿ ಮಾಡಿದ ನಿಯಮ. ಟ್ರೌಟ್‌ಗೆ ತಕ್ಕದ್ದು.

ಬಿಸಿ ಶಾರ್ಕನ್ನೂ ಬಿಟ್ಟಿಲ್ಲ, ಆದರೆ ಅದು ಬೇರೆ ರೀತಿ ಪ್ರತಿಕ್ರಿಯಿಸುತ್ತದೆ. ಪೆಸಿಫಿಕ್‌ನಲ್ಲಿ 2014ರಿಂದ 2016ರವರೆಗೆ ಸಮುದ್ರದ ನೀರು ಅಸಹಜವಾಗಿ ಬಿಸಿಯಾದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಮರಿ ಬಿಳಿ ಶಾರ್ಕ್‌ಗಳು ಉತ್ತರದ ಮಾಂಟೆರೆ ಕೊಲ್ಲಿಗೆ ಜಾಗ ಬದಲಿಸಿದವು. ಸಾಗರದಲ್ಲಿ ಉತ್ತರಕ್ಕೆ ಹೋಗಲು ದಾರಿ ಇದೆ. ಹೊಳೆಯ ಮೀನು ಎಲ್ಲಿಗೆ ಹೋಗಬೇಕು? ತಣ್ಣೀರು ಹುಡುಕುತ್ತಾ ಮೇಲೆ ಮೇಲೆ ಹತ್ತಿದರೆ ಒಂದು ಕಡೆ ಹೊಳೆಯೇ ಮುಗಿಯುತ್ತದೆ.

ಶಾರ್ಕ್‌ಗೆ ಬಿತ್ತನೆ ಇಲ್ಲ

ಕೆಟ್ಟದ್ದೋ ಒಳ್ಳೆಯದೋ, ಟ್ರೌಟ್‌ಗೆ ಬಿತ್ತನೆ ಎಂಬ ದಾರಿಯಾದರೂ ಇದೆ. ಶಾರ್ಕ್‌ಗೆ ಅದೂ ಇಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 2004-05ರಲ್ಲಿ ಒಂದು ಮರಿ ಬಿಳಿ ಶಾರ್ಕನ್ನು 198 ದಿನ ಇಟ್ಟುಕೊಂಡು ಸಮುದ್ರಕ್ಕೆ ಬಿಟ್ಟಿತು. ಆಗ ಅದೇ ದೊಡ್ಡ ಸಾಧನೆ. 2016ರಲ್ಲಿ ಜಪಾನ್‌ನ ಒಕಿನಾವಾದಲ್ಲಿ ತೊಟ್ಟಿಗೆ ಹಾಕಿದ ಬೆಳೆದ ಬಿಳಿ ಶಾರ್ಕ್ ಮೂರೇ ದಿನಕ್ಕೆ ಸತ್ತಿತು. ಮರಿ ಮಾಡಿಸುವ ಮಾತು ದೂರವೇ ಉಳಿಯಿತು. ಬಲೆಗೆ ಬಿದ್ದು ಸತ್ತ ಒಂದು ಹೆಣ್ಣಿನ ಜಾಗ ತುಂಬಲು ಇನ್ನೊಂದು ಹೆಣ್ಣು ಸಮುದ್ರದಲ್ಲೇ 33 ವರ್ಷ ಬದುಕಬೇಕು.

ಹಾಗಾಗಿ ಕೆಲವೇ ಸಾವುಗಳೂ ಲೆಕ್ಕಕ್ಕೆ ಬರುತ್ತವೆ. ದಕ್ಷಿಣ ಆಫ್ರಿಕಾದ ಫಾಲ್ಸ್ ಬೇ, ಗಾನ್ಸ್‌ಬಾಯ್ ಒಂದು ಕಾಲಕ್ಕೆ ಬಿಳಿ ಶಾರ್ಕ್ ನೋಡಲು ಹೆಸರಾಗಿದ್ದ ಜಾಗಗಳು. 2017ರಲ್ಲಿ ಗಾನ್ಸ್‌ಬಾಯ್ ಸುತ್ತ ಶಾರ್ಕ್‌ಗಳ ಹೆಣಗಳು ದಡಕ್ಕೆ ಬಂದವು. ಹಲವುಗಳ ಲಿವರ್ ನಾಪತ್ತೆ. ಶಾರ್ಕ್‌ಗೆ ಟ್ರೌಟ್‌ನಂತೆ ಗಾಳಿಚೀಲ ಇಲ್ಲ. ತೇಲಲು ಎಣ್ಣೆ ತುಂಬಿದ ಲಿವರ್ ಬೇಕು, ಅದು ಮೈತೂಕದ ಕಾಲು ಭಾಗದವರೆಗೂ ಇರಬಹುದು. ಓರ್ಕಾ ತಿಮಿಂಗಿಲಗಳು ಬೇಕಾದ್ದು ಅದೊಂದನ್ನೇ ಎಂಬಂತೆ ಸೀಳಿ ತೆಗೆದಿದ್ದವು. ಆಮೇಲೆ ಆ ಕೊಲ್ಲಿಗಳಿಂದ ಬಿಳಿ ಶಾರ್ಕ್‌ಗಳು ಹೆಚ್ಚುಕಡಿಮೆ ಮಾಯವಾದವು. ಬರೀ ಓರ್ಕಾ ಭಯಕ್ಕೆ ಜಾಗ ಬಿಟ್ಟವೋ, ಅಥವಾ ಪೂರ್ವ ಕರಾವಳಿಯಲ್ಲಿ ಸ್ನಾನದ ಕಡಲತೀರಗಳ ಕಾವಲಿಗೆ 1952ರಿಂದ ಹಾಕುತ್ತಾ ಬಂದ ಬಲೆಗಳು ಮತ್ತು ಮೀನುಗಾರಿಕೆ ಮೊದಲೇ ಸಂಖ್ಯೆ ಇಳಿಸಿದ್ದವೋ ಎಂಬ ವಾದ ಮುಗಿದಿಲ್ಲ. ಒಂದು ವಿಷಯವಂತೂ ಎದ್ದು ಕಾಣುತ್ತದೆ. ಹಿಡಿಯಬಾರದು ಎಂದು ಕಾನೂನು ಇರುವ ದೇಶದಲ್ಲೇ, ಸರ್ಕಾರದ ವ್ಯವಸ್ಥೆಯಡಿ ಹಾಕಿದ ಬಲೆಗೆ ಸಿಕ್ಕಿ ಅದೇ ಮೀನು ಸಾಯುತ್ತಿತ್ತು.

ತೆರೆದ ಸಾಗರದ ಲೆಕ್ಕ ಇನ್ನೂ ದೊಡ್ಡದು. 1970ರಿಂದ ಈಚೆಗೆ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 71 ಶೇಕಡಾ ಕುಸಿದಿದೆ ಎಂದು 2021ರಲ್ಲಿ ನೇಚರ್ ಪತ್ರಿಕೆಯ ಅಧ್ಯಯನ ಹೇಳಿತು. ಇದರಲ್ಲಿ ಬಿಳಿ ಶಾರ್ಕ್‌ಗಿಂತ ಹೆಚ್ಚು ಪೆಟ್ಟು ತಿಂದ ಜಾತಿಗಳಿವೆ. ಓಷಿಯಾನಿಕ್ ವೈಟ್‌ಟಿಪ್ ಅವುಗಳಲ್ಲಿ ಒಂದು. ಕೊಲ್ಲುವುದು ಬಹುಪಾಲು ಶಾರ್ಕ್ ಹಿಡಿಯಲೆಂದೇ ಹೋದ ದೋಣಿಗಳಲ್ಲ. ಟ್ಯೂನಾ ಮೀನಿಗೆಂದು ಹತ್ತಾರು ಕಿಲೋಮೀಟರ್ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಬಿಟ್ಟಾಗ ಶಾರ್ಕ್‌ಗಳೂ ಬೀಳುತ್ತವೆ.

ಈಗಿನ ಚರ್ಚೆ ಬಂದು ನಿಂತಿರುವುದು ಇಲ್ಲೇ. ಯಾವ ದೇಶಕ್ಕೂ ಸೇರದ ಸಾಗರಭಾಗವನ್ನು ಕಾಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ 2023ರಲ್ಲಿ ಒಮ್ಮತವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಬೇಕಿದ್ದ 60 ದೇಶಗಳ ಅನುಮೋದನೆಯೂ ಸಿಕ್ಕಿತು. ಇನ್ನು ಮುಂದೆ ಅಲ್ಲಿಯೂ ರಕ್ಷಿತ ಪ್ರದೇಶಗಳನ್ನು ಗುರುತಿಸಬಹುದು. ಇದು ದೊಡ್ಡ ಹೆಜ್ಜೆ ಎಂದು ಎಲ್ಲರೂ ಬರೆದರು, ತಪ್ಪಿಲ್ಲ. ಆದರೆ ಯಾವ ಮೀನು ಎಷ್ಟು ಹಿಡಿಯಬೇಕು, ಯಾವ ಗಾಳ ಬಳಸಬೇಕು ಎಂದು ತೀರ್ಮಾನಿಸುವ ಅಧಿಕಾರ ಈಗಲೂ ಆಯಾ ಸಾಗರದ ಟ್ಯೂನಾ ಆಯೋಗಗಳ, ಅಂದರೆ ದೇಶಗಳು ಸೇರಿ ಮಾಡಿಕೊಂಡ ಮೀನುಗಾರಿಕೆ ಮಂಡಳಿಗಳ ಕೈಯಲ್ಲೇ ಇದೆ. ಶಾರ್ಕ್‌ನ ಹಣೆಬರಹ ಬರೆಯುವುದು ಜಾಸ್ತಿ ಅಲ್ಲಿಯೇ, ಆ ಬೇಸರದ ಸಭೆಗಳಲ್ಲಿ.

ಒಂದು ಉದಾಹರಣೆ ಸಾಕು. ಗಾಳ ಮತ್ತು ಹಗ್ಗದ ನಡುವಿನ ಕೊನೆಯ ತುಂಡನ್ನು ಉಕ್ಕಿನ ತಂತಿಯಿಂದ ಮಾಡಿದರೆ ಶಾರ್ಕ್ ಕಚ್ಚಿದರೂ ತುಂಡಾಗುವುದಿಲ್ಲ. ನೈಲಾನ್ ಆದರೆ ಅದು ಕಡಿದುಕೊಂಡು ಹೋಗಬಲ್ಲದು. ಟ್ಯೂನಾಕ್ಕೆ ಅಂಥ ಹಲ್ಲಿಲ್ಲ, ಎರಡರಲ್ಲೂ ಸಿಕ್ಕಿಬೀಳುತ್ತದೆ. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನ ಆಯೋಗ ಭೂಮಧ್ಯರೇಖೆಯ ಎರಡೂ ಕಡೆ 20 ಡಿಗ್ರಿ ಅಕ್ಷಾಂಶದೊಳಗೆ ಉಕ್ಕಿನ ತಂತಿಯನ್ನು 2024ರಿಂದ ನಿಷೇಧಿಸಿದೆ. ಮೀನುಗಾರರಿಗೆ ಟ್ಯೂನಾ ಕೈತಪ್ಪುವುದಿಲ್ಲ. ದೋಣಿ ಬಂದರಿನಲ್ಲಿ ನಿಂತಿರುವಾಗಲೇ ಸಲಕರಣೆ ಪೆಟ್ಟಿಗೆ ತೆರೆದು ಪರೀಕ್ಷಿಸಬಹುದಾದ ನಿಯಮ ಇದು, ನಡುಸಮುದ್ರಕ್ಕೆ ಅಧಿಕಾರಿಯನ್ನು ಕಳಿಸಬೇಕಿಲ್ಲ. ಉಳಿದ ಸಾಗರಗಳ ಆಯೋಗಗಳ ಮುಂದೆ ಇಡಬೇಕಾದ ಮೊದಲ ಬೇಡಿಕೆ ಇದೇ ಎಂದು ನನಗನಿಸುತ್ತದೆ.